ಮುಚ್ಚಿಹೋಗುವ ಮೊದಲು ಫೋಟೊ: ಮೈಸೂರಿನ 30×40 ಮನೆಯ ಕೆಲಸದ ದಾಖಲೆ

ನೆಲಮಹಡಿ, ಮೊದಲ ಮಹಡಿ ಸೇರಿದ ಮನೆ. ಮಾಲೀಕರಿರುವುದು ಮಸ್ಕತ್‌ನಲ್ಲಿ. ಕಟ್ಟಿಸುವವರಿಗೂ ಕಂಟ್ರಾಕ್ಟರಿಗೂ ಮನಸ್ತಾಪ ಹುಟ್ಟುವುದು ಹೆಚ್ಚಾಗಿ ಎರಡು ಕಡೆ: ಗೋಡೆ, ಕಾಂಕ್ರೀಟಿನ ಒಳಗೆ ಮುಚ್ಚಿಹೋದ ಕೆಲಸದಲ್ಲಿ ಮತ್ತು ಕೊನೆಗೆ ಬರುವ ‘ಎಕ್ಸ್‌ಟ್ರಾ’, ಅಂದರೆ ಒಪ್ಪಂದದಲ್ಲಿಲ್ಲದ ಹೆಚ್ಚುವರಿ ಕೆಲಸದ ಬಿಲ್ಲಿನಲ್ಲಿ. ಈ ಎರಡನ್ನು ದಾಖಲಿಸಲು ದುಬಾರಿ ಸಾಫ್ಟ್‌ವೇರ್ ತಂದಿಲ್ಲ. ಒಂದು ಗೂಗಲ್ ಶೀಟ್, ಒಂದು ಡ್ರೈವ್ ಫೋಲ್ಡರ್, ವಾಟ್ಸ್ಆ್ಯಪ್ ಗುಂಪು, ಸೈಟಿಗೆಂದೇ ಒಂದು ಫೋನು.

ಮೊದಲ ಮೋಲ್ಡ್

ಮೋಲ್ಡ್ ಎಂದರೆ ಚಾವಣಿಯ ಕಾಂಕ್ರೀಟ್; ಇದು ಸುಮಾರು 14 ಘನ ಮೀಟರ್, ಎಂ20 ದರ್ಜೆ. ಹಿಂದಿನ ದಿನವೇ ಕಂಬಿಯ ಫೋಟೊ ತೆಗೆದಾಯಿತು: ಕಂಬಿಗಳ ಅಂತರ ಕಾಣುವಂತೆ ಟೇಪ್ ಹಾಸಿ ಒಂದು, ಕಂಬಿಯನ್ನು ಕೆಳಗಿನ ಹಲಗೆಯಿಂದ ಎತ್ತಿ ಹಿಡಿಯುವ 20 ಎಂಎಂ ಕವರ್ ಬ್ಲಾಕ್ ಕಾಣುವಂತೆ ಬಗ್ಗಿ ಇನ್ನೊಂದು. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿ ಫೋಟೊ ಆಗಿ ಕಳಿಸಿದಾಗ ಟೇಪಿನ ಅಂಕಿಯೇ ಕಲಸಿಹೋಯಿತು, ತೆಗೆದ ಸಮಯದ ಮಾಹಿತಿಯೂ ಉಳಿಯಲಿಲ್ಲ. ಈಗ ಮೂಲ ಫೋಟೊ ನೇರ ಡ್ರೈವ್‌ಗೆ ಹೋಗುತ್ತದೆ, ಗುಂಪಿಗೆ ಲಿಂಕ್ ಮಾತ್ರ.

ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456ರ ಪ್ರಕಾರ ಇಷ್ಟು ಕಾಂಕ್ರೀಟಿಗೆ ಎರಡು ಸ್ಯಾಂಪಲ್, ಒಂದೊಂದಕ್ಕೂ ಬಲ ಪರೀಕ್ಷೆಗೆ ಮೂರು ಕ್ಯೂಬ್. 7ನೇ ದಿನದ ಪರೀಕ್ಷೆಗೆ ಬೇರೆ ಮೂರು. ಇಲ್ಲೊಂದು ಎಡವಟ್ಟಾಯಿತು. 7ನೇ ದಿನದ ಫಲಿತಾಂಶ 14 (ಚದರ ಮಿ.ಮೀ.ಗೆ ನ್ಯೂಟನ್) ಎಂದು ಶೀಟಿಗೆ ಹಾಕಿದ ಕೂಡಲೇ ಮಾಲೀಕರ ಮೆಸೇಜ್: “20 ಬರಬೇಕಿತ್ತಲ್ವಾ ಸರ್, ಕಾಂಕ್ರೀಟ್ ಕಳಪೆನಾ?” ಎಂ20ರ 20 ಎಂಬುದು 28ನೇ ದಿನದ ಬಲದ ಲೆಕ್ಕ; 7ನೇ ದಿನಕ್ಕೆ ಸುಮಾರು ಮೂರನೇ ಎರಡು ಭಾಗ ಬರುವುದು ಸಹಜ. ಅಂಕಿಯ ಪಕ್ಕದಲ್ಲೇ ಈ ಒಂದು ಸಾಲು ಇದ್ದಿದ್ದರೆ ಅವರು ಗಾಬರಿಯಾಗುತ್ತಿರಲಿಲ್ಲ. ಈಗ ಪ್ರತಿ ಪರೀಕ್ಷೆಗೂ ‘ಎಷ್ಟಿರಬೇಕು, ಯಾವಾಗ’ ಎಂಬ ಕಾಲಂ ಇದೆ. ಹಾರುಬೂದಿಯಂಥದ್ದು ಬೆರೆತು ನಿಧಾನವಾಗಿ ಬಲ ಪಡೆಯುವ ಪಿಪಿಸಿ ಸಿಮೆಂಟ್ ಆದ್ದರಿಂದ 10 ದಿನ ಪಾತಿ ಕಟ್ಟಿ ನೀರು ನಿಲ್ಲಿಸಿದ್ದರ ಫೋಟೊ ದಿನಕ್ಕೊಂದು.

ಗೋಡೆಯೊಳಗಿನ ಪೈಪು

ಹೆಚ್ಚು ಶ್ರಮ ಬೇಡಿದ್ದು, ಹೆಚ್ಚು ಉಪಯೋಗಕ್ಕೆ ಬರುವುದೂ ಇದೇ. ಪ್ಲಾಸ್ಟರಿಗೆ ಮುಂಚೆ ಪ್ರತಿ ಗೋಡೆಗೆ ಎರಡು ಫೋಟೊ: ಎದುರು ನಿಂತು ಇಡೀ ಗೋಡೆ, ಆಮೇಲೆ ಟೇಪ್ ಹಿಡಿದು ಹತ್ತಿರದಿಂದ. ಗೋಡೆಯ ನಂಬರನ್ನು ಚಾಕ್‌ಪೀಸಿನಲ್ಲಿ ಗೋಡೆ ಮೇಲೇ ಬರೆಯಬೇಕು, ಇಲ್ಲವಾದರೆ ತಿಂಗಳಾದ ಮೇಲೆ ಯಾವ ರೂಮಿನದ್ದೆಂದು ಯಾರಿಗೂ ಗೊತ್ತಾಗುವುದಿಲ್ಲ. ಎತ್ತರ ಅಳೆಯುವುದು ಮುಗಿದ ನೆಲದಿಂದ 1 ಮೀಟರ್ ಮೇಲಿನ ಲೆವೆಲ್ ಗುರುತಿನಿಂದ. ಈಗಿರುವ ನೆಲದಿಂದ ಅಳೆದರೆ ಟೈಲ್ಸ್ ಕೂತ ಮೇಲೆ ತಪ್ಪುತ್ತದೆ.

ಬಾತ್‌ರೂಮಿನಲ್ಲಿ ಇದೇ ತಪ್ಪು ಅಡ್ಡಲಾಗಿ ಆಯಿತು. ಮೂಲೆಯಿಂದ ಅಳೆದದ್ದು ಬರೀ ಇಟ್ಟಿಗೆ ಗೋಡೆಗೆ. ಪ್ಲಾಸ್ಟರ್, ಗಾರೆ, ಟೈಲ್ಸ್ ಸೇರಿ ಮೂಲೆಯೇ 35 ಎಂಎಂ ಒಳಗೆ ಬಂತು. ಫೋಟೊ ನಂಬಿ ಟವೆಲ್ ರಾಡಿಗೆ ತೂತು ಹಾಕಿದ್ದರೆ ಪೈಪಿಗೇ ತಾಗುತ್ತಿತ್ತು. ಅಳತೆ ಯಾವ ಮೈಯಿಂದ ಎಂದು ಫೈಲ್ ಹೆಸರಿನಲ್ಲೇ ಈಗ ಸೇರಿಸಲಾಗಿದೆ. ಪೈಪ್ ಸೋರುತ್ತದೆಯೇ ಎಂದು ನೋಡುವ ಪ್ರೆಷರ್ ಟೆಸ್ಟಿಗೆ ಗೇಜಿನ ಮುಳ್ಳಿನ ಫೋಟೊ ಎರಡು ಸಲ: ಪಂಪ್ ಮಾಡಿದಾಗ, 2 ಗಂಟೆ ಬಿಟ್ಟು.

ಎಕ್ಸ್‌ಟ್ರಾ

ಶೀಟಿನ ಕಾಲಂಗಳು: ಏನು, ಏಕೆ, ಅಳತೆ, ದರ, ಮೊತ್ತ, ಎಷ್ಟು ದಿನ ಹೆಚ್ಚು, ಮಾಲೀಕರು ಒಪ್ಪಿದ ದಿನಾಂಕ. ಕೊನೆಯದು ಖಾಲಿಯಿದ್ದರೆ ಕೆಲಸ ಶುರುವಾಗಬಾರದು. ಮೇಸ್ತ್ರಿ ಟೈಪ್ ಮಾಡುವುದಿಲ್ಲ, ವಾಯ್ಸ್ ಮೆಸೇಜ್ ಕಳಿಸುತ್ತಾರೆ. ಅದೇ ಸಂಜೆ ಎಂಜಿನಿಯರ್ ಶೀಟಿಗೆ ಇಳಿಸದಿದ್ದರೆ ಅದು ಗುಂಪಿನಲ್ಲೇ ಕಳೆದುಹೋಗುತ್ತದೆ. ಒಪ್ಪಿಗೆ ತಡವಾಗಿ ಕೆಲಸ ನಿಂತಿದ್ದೂ ಉಂಟು. ಆದ್ದರಿಂದ ಸ್ವಿಚ್ ಬೋರ್ಡಿನ ಜಾಗ, ಟೈಲ್ಸ್, ಬಾಗಿಲಿನ ಅಳತೆಯಂಥ ತೀರ್ಮಾನಗಳಿಗೆ 10 ದಿನ ಮೊದಲೇ ಗಡುವು ಹಾಕಿದೆ.

ಅಡುಗೆಮನೆ

3ಡಿ ಚಿತ್ರ ನೋಡಿ ಮಾಲೀಕರು ಖುಷಿಪಟ್ಟರು, ಆದರೆ ಅಗಲ ಕೋನದ ನೋಟದಲ್ಲಿ ಜಾಗ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಚಿತ್ರ ಮಾತ್ರ ತೋರಿಸಿ ಒಪ್ಪಿಗೆ ಪಡೆಯುವುದು ಸರಿಯಲ್ಲ. ನೆಲದ ಮೇಲೆ ಕಟ್ಟೆ, ಫ್ರಿಜ್ಜಿನ ಜಾಗ ಚಾಕ್‌ಪೀಸಿನಲ್ಲಿ ಗೀಚಿ, ಒಬ್ಬರನ್ನು ನಡುವೆ ನಿಲ್ಲಿಸಿ ವಿಡಿಯೊ ಕಾಲ್ ಮಾಡಿದಾಗ ಅವರೇ ಕಟ್ಟೆಯ ಒಂದು ಬದಿ ಮೊಟಕು ಮಾಡಿಸಿದರು.

ಮುಂದಿನದು

ಎರಡನೇ ಮೋಲ್ಡಿನ ಕಂಬಿ ಕೆಲಸ ನಡೆದಿದೆ. ಗೋಡೆ ಫೋಟೊಗಳ ಫೋಲ್ಡರಿಗೆ ಕ್ಯೂಆರ್ ಸ್ಟಿಕ್ಕರ್ ಮಾಡಿ, ಮೀಟರ್ ಪಕ್ಕದ ಡಿಬಿಯ (ವಿದ್ಯುತ್ ಹಂಚಿಕೆ ಪೆಟ್ಟಿಗೆ) ಬಾಗಿಲಿನ ಒಳಮೈಗೆ ಅಂಟಿಸಬೇಕು. ಡ್ರೈವ್ ಖಾತೆ ಮಾಲೀಕರ ಹೆಸರಿಗೇ ಬದಲಾಗಬೇಕು. ಅದಾಗುವ ತನಕ ಸ್ಟಿಕ್ಕರ್ ಅಚ್ಚು ಹಾಕಿಸುವುದಿಲ್ಲ.