ಸಾಗವಾನಿಯೋ ಅಲ್ಯೂಮಿನಿಯಮ್ಮೋ: ಗೋಡೆ ಮೂರಡಿ ಏರುವ ಮುಂಚೆ ತೀರ್ಮಾನಿಸಿ

ಹುಬ್ಬಳ್ಳಿ-ಧಾರವಾಡದ ಕಡೆ ಕಿಟಕಿಯ ಮಾತು ಏಳುವುದು ಸಾಮಾನ್ಯವಾಗಿ ಸ್ಲ್ಯಾಬ್ ಬಿದ್ದ ಮೇಲೆ. ಅಷ್ಟೊತ್ತಿಗೆ ಅರ್ಧ ತೀರ್ಮಾನ ತಾನಾಗಿಯೇ ಆಗಿಹೋಗಿರುತ್ತದೆ. ಕಟ್ಟಿಗೆಯ ಚೌಕಟ್ಟು ಗೋಡೆಯ ಜೊತೆಗೇ ಏಳಬೇಕು. ಗೌಂಡಿ ಅದನ್ನು ಸಿಲ್ (ಕಿಟಕಿಯ ಕೆಳ ಅಂಚು) ಮಟ್ಟದಲ್ಲಿ ತೂಗುಗುಂಡು ಹಿಡಿದು ನಿಲ್ಲಿಸಿ, ಎರಡೂ ಬದಿಗೆ ಮೂರು ಮೂರು ಹೋಲ್ಡ್‌ಫಾಸ್ಟ್ (ಚೌಕಟ್ಟನ್ನು ಗೋಡೆಗೆ ಹಿಡಿದಿಡುವ ಕಬ್ಬಿಣದ ಪಟ್ಟಿ) ಹಾಕಿ ಇಟ್ಟಿಗೆ ಕಟ್ಟುತ್ತಾನೆ. ಅಲ್ಯೂಮಿನಿಯಂ ಬರುವುದು ಗಿಲಾವು ಮುಗಿದ ಮೇಲೆ. ಆದರೆ ಅದಕ್ಕೆ ಬೇಕಾದ ಕಬ್ಬಿಣದ ಗ್ರಿಲ್ ಗಿಲಾವಿಗೂ ಮುಂಚೆ ಗೋಡೆಯಲ್ಲಿ ಕೂತಿರಬೇಕು. ಕಟ್ಟಿಗೆಯಲ್ಲಾದರೆ 12 ಮಿ.ಮೀ. ಸರಳು ಚೌಕಟ್ಟಿನ ತೂತಿನೊಳಗೇ ಹೋಗುತ್ತದೆ, ಗ್ರಿಲ್‌ಗೆ ಬೇರೆ ಖರ್ಚಿಲ್ಲ. ಎರಡರ ಬೆಲೆ ಹೋಲಿಸುವಾಗ ಈ ಗ್ರಿಲ್ಲನ್ನೇ ಬಹಳ ಜನ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕಟ್ಟಿಗೆಯ ಲೆಕ್ಕ ಘನ ಅಡಿಯಲ್ಲಿ. 4 ಅಡಿಗೆ 4 ಅಡಿಯ, ನಡುವೆ ಒಂದು ಕಂಬವಿರುವ ಎರಡು ಬಾಗಿಲಿನ ಕಿಟಕಿಗೆ 4 ಇಂಚು × 2.5 ಇಂಚಿನ ಪಟ್ಟಿ 20 ಅಡಿ ಬೇಕು, ಅಂದರೆ ಸುಮಾರು 1.4 ಘನ ಅಡಿ. ಬಾಗಿಲುಗಳಿಗೆ 3 ಇಂಚು × 1.25 ಇಂಚಿನದು 22 ಅಡಿ, ಇನ್ನೊಂದು 0.6. ಕೊಯ್ತದಲ್ಲಿ ಹೋಗುವುದನ್ನು ಸೇರಿಸಿದರೆ ಒಂದು ಕಿಟಕಿಗೆ 2.2 ಘನ ಅಡಿ ಹಿಡಿಯಿರಿ. ಬಡಿಗ್ಯಾರು ಇದಕ್ಕಿಂತ ಬಹಳ ಹೆಚ್ಚು ಹೇಳಿದರೆ ಪಟ್ಟಿಯ ಅಳತೆ ಕೇಳಿ.

ದಾಂಡೇಲಿ, ಹಳಿಯಾಳದ ಕಡೆಯ ಸಾಗವಾನಿ ನಮ್ಮಲ್ಲಿ ಹೆಸರುವಾಸಿ. ಹೆಸರಿಗೆ ದುಡ್ಡು ಕೊಡಬೇಡಿ, ಚೇಗಿಗೆ, ಅಂದರೆ ಮರದ ನಡುವಿನ ಗಟ್ಟಿ ಭಾಗಕ್ಕೆ ಕೊಡಿ. ಪಟ್ಟಿಯ ತುದಿಯನ್ನು ನೋಡಿದರೆ ಕಂದು ಬಣ್ಣದ ಚೇಗು, ಅಂಚಿನಲ್ಲಿ ಮಾಸಲು ಬಿಳಿ ಭಾಗ ಎರಡೂ ಬೇರೆಬೇರೆಯಾಗಿ ಕಾಣುತ್ತವೆ. ಗೆದ್ದಲು, ಹುಳು ಮೊದಲು ಹಿಡಿಯುವುದು ಆ ಬಿಳಿ ಭಾಗವನ್ನು. ಎಂಥ ಸಾಗವಾನಿಯೇ ಇರಲಿ, ಬಿಳಿಯಿದ್ದ ಮುಖ ಗೋಡೆಗೆ ತಾಗಿದರೆ ಗೆದ್ದಲಿಗೆ ದಾರಿ ಮಾಡಿಕೊಟ್ಟಂತೆ. ‘ಮಲೇಷಿಯನ್ ಸಾಲ್’ ಎಂದು ಮಾರುವುದು ಒಂದೇ ಜಾತಿಯ ಮರವಲ್ಲ. ಚೌಕಟ್ಟಿಗೆ ನಡೆಯುತ್ತದೆ, ಬಾಗಿಲಿಗೆ ಬೇಡ, ತಿರುಚುತ್ತದೆ. ಗದಗ, ಹಾವೇರಿ ಹಳ್ಳಿಗಳಲ್ಲಿ ಹೊಲದ ಬೇವು ಕೊಯ್ಸಿ ಹಾಕುವುದುಂಟು. ಚೆನ್ನಾಗಿ ಒಣಗಿಸಿದರೆ ಅದು ಕೆಟ್ಟದ್ದಲ್ಲ. ಹಸಿಯಾಗಿ ಹಾಕಿದರೆ ಮಾತ್ರ ಮೊದಲ ಬೇಸಿಗೆಯಲ್ಲೇ ಮೂಲೆ ಬಾಯಿ ಬಿಡುತ್ತದೆ. ತೇವಾಂಶ ಶೇ. 12ರ ಆಸುಪಾಸು ಇರಬೇಕು. ಮೀಟರ್ ಅಗ್ಗವಾಗಿ ಸಿಗುತ್ತದೆ, ಒಂದು ತಂದಿಟ್ಟುಕೊಂಡರೆ ವಾದವೇ ಇರುವುದಿಲ್ಲ.

ಏಪ್ರಿಲ್‌ನಲ್ಲಿ ಬಿಗಿಯಾಗಿ ಕೂರಿಸಿದ ಬಾಗಿಲು ಜುಲೈನಲ್ಲಿ ಹಿಡಿದುಕೊಳ್ಳುತ್ತದೆ. ಬೇಸಿಗೆಯಲ್ಲಿ ಕೂರಿಸುವುದಾದರೆ ಸುತ್ತ 3 ಮಿ.ಮೀ. ಸಂದು ಬಿಡಿಸಿ. ಬಣ್ಣ ಬಳಿಯುವವರು ಕಣ್ಣಿಗೆ ಕಾಣುವ ಮುಖಕ್ಕೆ ಎರಡು ಕೈ ಹೊಡೆದು, ಬಾಗಿಲಿನ ಕೆಳ ಅಂಚನ್ನು ಹಾಗೇ ಬಿಡುತ್ತಾರೆ. ಕಟ್ಟಿಗೆ ಅತಿ ಹೆಚ್ಚು ನೀರು ಕುಡಿಯುವುದು ಅಲ್ಲಿ ಕಾಣುವ, ಕಟ್ಟಿಗೆಯ ಎಳೆಗಳ ಕೊಯ್ದ ತುದಿಗಳಿಂದಲೇ. ಬಾಗಿಲು ಕೂರಿಸುವ ಮುಂಚೆಯೇ ಕೆಳ ಅಂಚಿಗೂ ಮೇಲಂಚಿಗೂ ಪ್ರೈಮರ್ ಹಚ್ಚಿಸಿ.

ಇನ್ನು ಎರೆ ಮಣ್ಣು. ಹುಬ್ಬಳ್ಳಿ, ನವಲಗುಂದ, ಗದಗದ ಎರೆ ನೆಲ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಪಾಯ ಸರಿಯಿಲ್ಲದಿದ್ದರೆ ಕಿಟಕಿಯ ಕೆಳಮೂಲೆಯಿಂದ ಓರೆಯಾಗಿ ಬಿರುಕು ಹೊರಡುತ್ತದೆ. ಸಿಲ್ ಮಟ್ಟದಲ್ಲಿ ಗೋಡೆಯುದ್ದಕ್ಕೂ ಕಾಂಕ್ರೀಟ್ ಪಟ್ಟಿ ಕೊಟ್ಟರೆ ಇದು ಬಹಳ ಕಡಿಮೆಯಾಗುತ್ತದೆ. ಚೌಕಟ್ಟು ಸ್ವಲ್ಪ ಓರೆಯಾದರೆ ಕಟ್ಟಿಗೆಯ ಬಾಗಿಲಿಗೆ ರಂದಾ ಹೊಡೆದು ಸರಿಮಾಡಬಹುದು. ಅಲ್ಯೂಮಿನಿಯಂ ಸ್ಲೈಡಿಂಗ್‌ನಲ್ಲಿ (ಪಕ್ಕಕ್ಕೆ ಸರಿಸಿ ತೆರೆಯುವ ಕಿಟಕಿ) ರೋಲರ್‌ನ ಸ್ಕ್ರೂ ತಿರುಗಿಸಿ ಕೆಲವು ಮಿ.ಮೀ. ಹೊಂದಿಸಬಹುದು, ಅದು ದಾಟಿದರೆ ಲಾಕ್ ಕೂಡುವುದೇ ಇಲ್ಲ. ಕೂರಿಸಿದ ದಿನ ಎರಡೂ ಕರ್ಣ ಅಳೆಯಿರಿ. ವ್ಯತ್ಯಾಸ 3 ಮಿ.ಮೀ. ದಾಟಿದ್ದರೆ ಬಿಚ್ಚಿಸಿ ಮತ್ತೆ ಕೂರಿಸಿ.

ಅಲ್ಯೂಮಿನಿಯಂನಲ್ಲಿ ಮೋಸ ನಡೆಯುವುದು ದಪ್ಪದಲ್ಲಿ. ಚದರ ಅಡಿಗೆ ದರ ಹೇಳುವಾಗ ಸೆಕ್ಷನ್ (ಚೌಕಟ್ಟಿನ ಅಲ್ಯೂಮಿನಿಯಂ ಪಟ್ಟಿ) 1.2 ಮಿ.ಮೀ. ಎನ್ನುತ್ತಾರೆ. ದಪ್ಪ ಅಳೆಯುವ ವರ್ನಿಯರ್ ಹಿಡಿದರೆ 1.2 ಬರುತ್ತದೆ ಕೂಡ. ಆದರೆ ಪೌಡರ್ ಕೋಟಿಂಗ್ ಒಂದೊಂದು ಮುಖಕ್ಕೆ 60ರಿಂದ 80 ಮೈಕ್ರಾನ್, ಎರಡೂ ಮುಖ ಕೂಡಿ 0.12ರಿಂದ 0.16 ಮಿ.ಮೀ. ಉಳಿದ ಲೋಹ 1.05ರ ಆಸುಪಾಸು. ಕತ್ತರಿಸಿದ ತುದಿಯಲ್ಲಿ ಬಣ್ಣ ಕೆರೆದು ಅಳೆಯಿರಿ. 5 ಅಡಿಗಿಂತ ಅಗಲವಿದ್ದರೆ 1.5 ಮಿ.ಮೀ.ಗಿಂತ ಕಡಿಮೆಗೆ ಒಪ್ಪಬೇಡಿ. ತೆಳು ಸೆಕ್ಷನ್ನಿನಲ್ಲಿ ಸ್ಕ್ರೂ ಹಿಡಿಯುವ ಥ್ರೆಡ್ ಎರಡು ಸಲ ಬಿಗಿದರೆ ಕಿತ್ತುಬರುತ್ತದೆ. ಸ್ಕ್ರೂ 304 ಸ್ಟೇನ್‌ಲೆಸ್ ಇರಲಿ. ಸಾದಾ ಕಬ್ಬಿಣದ್ದು ತೇವದಲ್ಲಿ ಅಲ್ಯೂಮಿನಿಯಂಗೆ ತಾಗಿದಲ್ಲೆಲ್ಲ ಬಿಳಿ ಪುಡಿ ಏಳುತ್ತದೆ. ಹಸಿ ಸಿಮೆಂಟೂ ಅಲ್ಯೂಮಿನಿಯಂಗೆ ಆಗದು. ಕ್ಷಾರ ತಿಂದ ಕಲೆ ಮತ್ತೆ ಹೋಗುವುದಿಲ್ಲ. ಸಣ್ಣಪುಟ್ಟ ಸಿಮೆಂಟ್ ಕೆಲಸ ಮುಗಿಯುವ ತನಕ ಅಲ್ಯೂಮಿನಿಯಂ ಮೇಲೆ ಅಂಟಿಸಿದ ಟೇಪು ಬಿಚ್ಚಿಸಬೇಡಿ.

ಮಳೆ ಒಳಗೆ ಬರುವುದೇ ಸ್ಲೈಡಿಂಗ್‌ನ ದೊಡ್ಡ ತಕರಾರು. ಗಂಟೆಗೆ 60 ಕಿ.ಮೀ. ವೇಗದ ಗಾಳಿ ಗಾಜಿನ ಮೇಲೆ ಹಾಕುವ ಒತ್ತಡ ಸುಮಾರು 17 ಮಿ.ಮೀ. ಎತ್ತರದ ನೀರಿನ ಒತ್ತಡಕ್ಕೆ ಸಮ. ಟ್ರ್ಯಾಕಿನ ಒಳಬದಿಯ ಅಂಚು ಅದಕ್ಕಿಂತ ಎತ್ತರ ಇಲ್ಲದಿದ್ದರೆ, ನೀರು ಹೊರಗೆ ಹೋಗುವ ಬದಲು ಒಳಗೆ ಉಕ್ಕುತ್ತದೆ. 25 ಮಿ.ಮೀ. ಅಂಚು ಕೇಳಿ. ಹೊರಮುಖದ ನೀರುಗಂಡಿಗಳು ಟ್ರ್ಯಾಕಿನ ತಳಕ್ಕೆ ಸಮವಾಗಿರಬೇಕು. ಎಷ್ಟೋ ಕಡೆ ಅರ್ಧ ಇಂಚು ಮೇಲೆ ಕೊರೆದಿರುತ್ತಾರೆ, ಇಲ್ಲವೇ ಸಿಲಿಕೋನ್ ಬಳಿದು ಮುಚ್ಚಿಬಿಟ್ಟಿರುತ್ತಾರೆ. ಒಂದು ತಂಬಿಗೆ ನೀರು ಟ್ರ್ಯಾಕಿಗೆ ಸುರಿದು ನೋಡಿ, ಅರ್ಧ ನಿಮಿಷದಲ್ಲಿ ಹೊರಗೆ ಇಳಿಯಬೇಕು. ಬಿಲ್ಲು ಕೊಡುವುದು ಆಮೇಲೆ.

ಸಿಲಿಕೋನ್ ಬಿಚ್ಚಿದಾಗ ವಿನಿಗರ್ ವಾಸನೆ ಬಂದರೆ ಅದು ಗೋಡೆಗೆ ಸಲ್ಲದ್ದು, ಸಿಮೆಂಟನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ. ನ್ಯೂಟ್ರಲ್ ವೆದರ್ ಸಿಲಿಕೋನ್ ಬೇಕು. ಗೋಡೆಗೂ ಚೌಕಟ್ಟಿಗೂ ನಡುವಿನ ಸಂದು ಕನಿಷ್ಠ 5 ಮಿ.ಮೀ. ಇರಲಿ. ಏಕೆಂದರೆ 6 ಅಡಿಯ ಅಲ್ಯೂಮಿನಿಯಂ ಚೌಕಟ್ಟು 30 ಡಿಗ್ರಿ ಬಿಸಿಯಾದರೆ 1.3 ಮಿ.ಮೀ. ಹಿಗ್ಗುತ್ತದೆ.

ಯಾವ ಗೋಡೆಗೆ ಯಾವುದು? ಧಾರವಾಡದಲ್ಲಿ ಮಳೆಯ ಹೊಡೆತ ಬೀಳುವುದು ಪಶ್ಚಿಮ ಮತ್ತು ನೈಋತ್ಯಕ್ಕೆ. ಅಲ್ಲಿ ಕಟ್ಟಿಗೆ ಹಾಕಿದರೆ ಮೂರು-ನಾಲ್ಕು ವರ್ಷಕ್ಕೊಮ್ಮೆ ಬಣ್ಣದ ಖರ್ಚು ತಪ್ಪದು. ಸ್ಲೈಡಿಂಗೂ ಅಲ್ಲಿ ಬೇಡ, ರಬ್ಬರ್ ಗ್ಯಾಸ್ಕೆಟ್ ಮೇಲೆ ಒತ್ತಿ ಮುಚ್ಚುವ, ಹೊರಕ್ಕೆ ತೆರೆಯುವ ಬಾಗಿಲಿನ ಅಲ್ಯೂಮಿನಿಯಂ ಒಳ್ಳೆಯದು. ಪಡಸಾಲೆಯ ಕೆಳಗೆ, ಮಳೆ-ಬಿಸಿಲು ತಾಗದ ಮುಂಭಾಗಕ್ಕೆ ಸಾಗವಾನಿ ಹಾಕಿ. ಅಲ್ಲಿ ಅದಕ್ಕೆ ಬಾಳಿಕೆಯೂ ಇದೆ, ಅಂದವೂ ಇದೆ. ಗದಗದ ಕಡೆ ಮಳೆ ಕಡಿಮೆ, ಗಾಳಿ-ಧೂಳು ಹೆಚ್ಚು. ಸ್ಲೈಡಿಂಗ್‌ನ ಟ್ರ್ಯಾಕ್ ತುಂಬಿಕೊಳ್ಳುತ್ತದೆ, ಸಂದು ಮುಚ್ಚುವ ಉಣ್ಣೆ ಪಟ್ಟಿ ಸವೆಯುತ್ತದೆ. ಕೋಣೆಗೆ ಗಾಳಿ ಬರುವುದಕ್ಕೂ ಇನ್ನೊಂದು ಲೆಕ್ಕವಿದೆ: ಎರಡು ಗಾಜು, ಒಂದು ಸೊಳ್ಳೆ ಜಾಳಿಗೆಯ ಮೂರು ಟ್ರ್ಯಾಕಿನ ಕಿಟಕಿ ತೆರೆಯುವುದು ಅರ್ಧ ಮಾತ್ರ, ಕಟ್ಟಿಗೆಯದು ಪೂರ್ತಿ. ಮಲಗುವ ಕೋಣೆಗೆ ಸ್ಲೈಡಿಂಗ್ ಹಾಕುವುದಾದರೆ ಗೋಡೆಯಲ್ಲಿ ಕಿಟಕಿಯ ಗೂಡನ್ನೇ ಅಗಲ ಬಿಡಿಸಿ. ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್ ಚೌಕಟ್ಟು) ಬೇಕೆನ್ನುವವರು ಒಳಗೆ ಉಕ್ಕಿನ ಪಟ್ಟಿ ಇದೆಯೋ ಇಲ್ಲವೋ ಎಂದು ಮೊದಲು ಕೇಳಿಕೊಳ್ಳಲಿ.

ಕಟ್ಟಿಗೆ, ಅಲ್ಯೂಮಿನಿಯಂ ಎರಡಕ್ಕೂ ಸಿಲ್ ಕಲ್ಲು ಹೊರಕ್ಕೆ ಇಳಿಜಾರಾಗಿರಲಿ, ಗೋಡೆಯಿಂದ ಒಂದೂವರೆ ಇಂಚು ಹೊರಚಾಚಲಿ, ನೀರು ಗೋಡೆಗೆ ಹರಿದುಬರದಂತೆ ಕೆಳಮುಖಕ್ಕೆ ಒಂದು ಗೀರು ಹೊಡೆಸಿ. ಇಳಕಲ್ ಗ್ರಾನೈಟ್ ಅಂಗಡಿಯಲ್ಲಿ ಕಲ್ಲು ಕೊಯ್ಯುವಾಗಲೇ ಹೇಳಿದರೆ ಗೀರು ಸುಲಭ. ಕೂರಿಸಿದ ಮೇಲೆ ಯಾರೂ ಹೊಡೆದುಕೊಡುವುದಿಲ್ಲ.