ಮೊದಲು ಹಾಲು, ಆಮೇಲೆ ಬೆಳ್ಳುಳ್ಳಿ

ಮೆತ್ತನೆ ಚೀಸ್‌ಗೆ ಬೆಳ್ಳುಳ್ಳಿ ಬೆರೆಸಲಿ, ಮೆಣಸು ಬೆರೆಸಲಿ, ಬಾಯಿಗಿಟ್ಟಾಗ ಮೊದಲು ಹಾಲಿನ ರುಚಿ ಸಿಗಬೇಕು. ಕಳೆದ ಭಾನುವಾರ ಬೆಳಗಾವಿಯ ತಿಲಕವಾಡಿಯಲ್ಲಿ ವೈನಿ, ಅಂದರೆ ಅತ್ತಿಗೆ, ಮಾಡಿದ ಚೀಸ್‌ಗಳಿಗೆ ನಾನು ಅದೇ ಲೆಕ್ಕದಲ್ಲಿ ಅಂಕ ಹಾಕಿದೆ.

ವೈನಿಗೆ ಮನೆಯಲ್ಲೇ ಚೀಸ್ ಮಾಡಿ ಮಾರುವ ಆಸೆ. ಬಟ್ಟೆಯಲ್ಲಿ ಮೊಸರು ಕಟ್ಟಿ ಚಕ್ಕಾ ಮಾಡೋದು ಬೆಳಗಾವಿಯವರಿಗೆ ಹೊಸದೇನಲ್ಲ, ಶ್ರೀಖಂಡಕ್ಕೆ ಅದೇ ಬೇಕಲ್ವಾ? ಇದೂ ಹೆಚ್ಚುಕಮ್ಮಿ ಅಂಥದ್ದೇ ಕೆಲಸ. ಆದರೆ ಹಾಲಿಗೆ ಹೆಪ್ಪಿನ ಜೊತೆ ಕೆಲವೇ ಹನಿ ರೆನೆಟ್, ಅಂದರೆ ಹಾಲನ್ನು ಗಟ್ಟಿ ಮಾಡುವ ಕಿಣ್ವ, ಬೀಳುತ್ತದೆ. ಹಾಗಾಗಿ ಚಕ್ಕಾದಷ್ಟು ಹುಳಿಯಾಗುವ ಮೊದಲೇ ಹಾಲು ಗಟ್ಟಿಯಾಗುತ್ತದೆ.

ಬಟ್ಟಲುಗಳನ್ನು ಫ್ರಿಜ್ಜಿನಿಂದ ಅರ್ಧ ಗಂಟೆ ಮೊದಲೇ ಹೊರಗಿಟ್ಟಿದ್ದರು. "ತಣ್ಣಗಿದ್ರ ಛಲೋ ಇರತಿತ್ತಲ್ಲವಾ?" ಅಂದರು ಕಾಕು (ಚಿಕ್ಕಮ್ಮ). ತೀರಾ ತಣ್ಣಗಿದ್ದರೆ ವಾಸನೆಯೇ ಏಳೋದಿಲ್ಲ, ಉಪ್ಪೂ ಸರಿಯಾಗಿ ಗೊತ್ತಾಗೋದಿಲ್ಲ. ಮೊದಲು ಏನೂ ಬೆರೆಸದ್ದು, ಕಡೆಗೆ ಖಾರದ್ದು. ನಡುನಡುವೆ ಬ್ರೆಡ್ಡಿನ ತುಣುಕು, ಒಂದು ಗುಟುಕು ನೀರು.

ಬರೀ ಚೀಸ್ ಬೆಣ್ಣೆಯಂತೆ ನುಣ್ಣಗಿತ್ತು. ಅದಕ್ಕೆ ಪೂರ್ತಿ ಅಂಕ.

ಬೆಳ್ಳುಳ್ಳಿ-ಕೊತ್ತಂಬರಿಯದ್ದರ ಮೇಲೆ ನನಗೆ ಆಸೆ ಜಾಸ್ತಿ ಇತ್ತು. ಫ್ರಾನ್ಸಿನ ನಾರ್ಮಂಡಿಯಲ್ಲಿ 1957ರಲ್ಲಿ ಫ್ರಾನ್ಸ್ವಾ ಬೂರ್ಸಾನ್ ಶುರು ಮಾಡಿದ, ಇವತ್ತಿಗೂ ಅವರ ಹೆಸರಲ್ಲೇ ಸಿಗುವ ಚೀಸಿನ ಜೋಡಿಯೂ ಇದೇ: ಬೆಳ್ಳುಳ್ಳಿ ಮತ್ತು ಹಸಿರು ಸೊಪ್ಪು. ಆದರೆ ವೈನಿಯ ಬಟ್ಟಲಿನ ಅಂಚಿನಲ್ಲಿ ತಿಳಿಹಸಿರು ನೀರು ನಿಂತಿತ್ತು. ತೊಳೆದ ಕೊತ್ತಂಬರಿಯನ್ನು ಒಣಗಿಸದೆ ಹೆಚ್ಚಿದ್ದಾರೆ, ಉಪ್ಪು ಆ ನೀರನ್ನೆಲ್ಲ ಎಳೆದಿದೆ. ಹಸಿ ಬೆಳ್ಳುಳ್ಳಿ ರಾತ್ರಿಯೆಲ್ಲ ಇಡೀ ಬಟ್ಟಲಿಗೆ ಹರಡಿ ಹಾಲನ್ನು ಮುಚ್ಚಿಹಾಕಿತ್ತು.

ಕರಿಮೆಣಸನ್ನು ನುಣ್ಣಗೆ ಪುಡಿ ಮಾಡಿದ್ದರಿಂದ ಚೀಸ್ ಬೂದಿ ಬಣ್ಣಕ್ಕೆ ತಿರುಗಿತ್ತು. ತರಿತರಿಯಾಗಿ ಕುಟ್ಟಿದ್ದರೆ ಸಾಕಿತ್ತು.

ಕಡೆಯದು ಬ್ಯಾಡಗಿ ಮೆಣಸಿನಕಾಯಿಯದ್ದು. ಚಾಕುವಿನಲ್ಲಿ ಸವರಿದಾಗ ಬಿಳಿಯ ಮೇಲೆ ಕೆಂಪು ಎಳೆಎಳೆಯಾಗಿ ಹರಡಿತು. ಬಾಯಲ್ಲಿಟ್ಟರೆ ಮೊದಲು ಹಾಲು, ಆಮೇಲೆ ಸಣ್ಣ ಹುಳಿ, ನುಂಗಿದ ಮೇಲೆ ಗಂಟಲಲ್ಲಿ ಹಿತವಾದ ಬಿಸಿ. ಖಾರದ ಅಂಶ ಕೊಬ್ಬಿನಲ್ಲಿ ಕರಗುತ್ತದೆ, ಅದಕ್ಕೇ ಇಷ್ಟು ತಡವಾಗಿ, ಮೆತ್ತಗೆ ಬರುತ್ತದೆ. ಬ್ಯಾಡಗಿಯಲ್ಲಿ ಬಣ್ಣ ಜಾಸ್ತಿ, ಖಾರ ಕಡಿಮೆ. ಇದಕ್ಕೆ ಅದಕ್ಕಿಂತ ಒಳ್ಳೆಯ ಮೆಣಸಿನಕಾಯಿ ನನಗೆ ಗೊತ್ತಿಲ್ಲ.

ಕಾಕಾ ಮಾತ್ರ ಒಪ್ಪಲಿಲ್ಲ. "ಖಾರ ಎಲ್ಲೈತಿ ಇದರಾಗ? ರಂಜಕಾ ಕಲಸ್ರಿ" ಅಂದರು. ರಂಜಕ, ಅಂದರೆ ಕೆಂಪು ಮೆಣಸಿನಕಾಯಿಯ ಖಾರದ ಚಟ್ನಿ, ನನಗೂ ಪ್ರಾಣ, ರೊಟ್ಟಿ ಜೊತೆ ದಿನಾ ಬೇಕು. ಆದರೆ ಅದನ್ನು ಕಲಸಿದರೆ ಯಾವ ಚೀಸ್ ಆದರೂ ರಂಜಕವೇ ಆಗುತ್ತದೆ. ಈ ವಿಷಯದಲ್ಲಿ ನಾನು ಸೋಲಲಿಲ್ಲ, ಅವರೂ ಸೋಲಲಿಲ್ಲ.

ಕಡೆಗೆ ವೈನಿಗೆ ಹೇಳಿದೆ: "ಬೆಳ್ಳುಳ್ಳಿ ತುಪ್ಪದಾಗ ಸ್ವಲ್ಪ ಹುರಿದು, ಆರಿಸಿ ಹಾಕ್ರಿ. ಕೊತ್ತಂಬರಿ ಬಟ್ಟಿ ಮ್ಯಾಲೆ ಒಣಗಿಸ್ರಿ. ಬ್ಯಾಡಗಿದಕ್ಕ ಮಾತ್ರ ಕೈ ಹಚ್ಚಬ್ಯಾಡ್ರಿ, ಹಿಂಗಽ ಇರಲಿ."