ಕ್ಲಿಪ್ ಹಾಕಿಸಿಕೊಂಡ ಮರುದಿನ

"ಈಗ ಯಾರನ್ನ ಮೆಚ್ಚಿಸೋಕೆ ಅತ್ತಿಗೆ?" ಅಂತ ನಾದಿನಿ ನಕ್ಕಳು. ನಲವತ್ತು ದಾಟಿದವಳು ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡರೆ ನಗು ಬರದೇ ಇರುತ್ತಾ? ಆದರೆ ಅಂದದ ಆಸೆಗೆ ಹಾಕಿಸಿದ್ದಲ್ಲ. ಒಸಡಿನ ರೋಗದಿಂದ ಮೂಳೆ ಸ್ವಲ್ಪ ಕರಗಿ, ಮೇಲಿನ ಹಲ್ಲುಗಳು ಮುಂದಕ್ಕೆ ವಾಲಿದ್ದವು. ನಡುವೆ ಸಂದಿ ಬಿದ್ದಿತ್ತು.

ಮೊದಲು ಹೋದ ಒಂದು ಕ್ಲಿನಿಕ್‌ನಲ್ಲಿ "ಇವತ್ತೇ ಅಚ್ಚು ತೆಗೆಯೋಣ" ಅಂದರು. ಒಸಡು ಮುಟ್ಟಿಯೂ ನೋಡಲಿಲ್ಲ. ಎರಡನೇ ಕಡೆ ಡಾಕ್ಟರಮ್ಮ ಸಣ್ಣ ಅಳತೆ ಕಡ್ಡಿ ಇಟ್ಟು ನೋಡಿ, "ಮೊದಲು ಒಸಡಿನ ರಕ್ತ ನಿಲ್ಲಲಿ, ಆಮೇಲೆ ಕ್ಲಿಪ್" ಅಂದರು. ಬೇರಿನವರೆಗೂ ಕ್ಲೀನಿಂಗ್, ಮತ್ತೆ ತಪಾಸಣೆ, ಮತ್ತೆ ಕ್ಲೀನಿಂಗ್. ತಿಂಗಳುಗಳೇ ಹೋದವು. ಸುಮ್ನೆ ಎಳೆಯುತ್ತಿದ್ದಾರೆ ಅನ್ನಿಸಿತ್ತು.

ಕೊನೆಗೂ ತಂತಿ ಹಾಕಿದ ದಿನ ಏನೂ ನೋವಿಲ್ಲ. ರಾತ್ರಿ ಶುರುವಾಯಿತು. ಮರುದಿನವಂತೂ ಮೇಲಿನ ಹಲ್ಲಿಗೆ ಕೆಳಗಿನದು ತಾಗಿದರೂ ಜೀವ ಹೋದಂತಾಗುತ್ತಿತ್ತು. ಚಪಾತಿಯ ಮಾತೇ ಇಲ್ಲ. ಪುಣ್ಯಕ್ಕೆ ನಾವು ಮಂಡ್ಯದ ಕಡೆಯವರು. ಮುದ್ದೆ ಅಗಿಯುವ ಪದಾರ್ಥವೇ ಅಲ್ಲ, ನುಂಗಿದರಾಯಿತು.

ಮನೆಯಲ್ಲಿ ಐಬುಪ್ರೊಫೆನ್ ಮಾತ್ರೆ ಇತ್ತು. ತಗೊಳ್ಳಲಾ ಅಂತ ಡಾಕ್ಟರಮ್ಮನಿಗೆ ಫೋನ್ ಮಾಡಿದೆ.

"ಪ್ಯಾರಾಸಿಟಮಾಲ್ ತಗೊಳ್ಳಿ ಮೇಡಂ. ಐಬುಪ್ರೊಫೆನ್ ಒಂದೆರಡು ತಗೊಂಡ್ರೆ ಮುಳುಗೋದೇನಿಲ್ಲ, ಆದ್ರೆ ದಿನಾ ಬೇಡ. ಹಲ್ಲು ಸರಿಯೋಕೆ ಆ ಉರಿಯೂತಾನೇ ಬೇಕು."

ಇಷ್ಟು ದಿನ ಒಸಡಿನ ಉರಿಯೂತ ಇಳಿಸೋದಕ್ಕೇ ಅಲ್ವಾ ಓಡಾಡಿದ್ದು? ಮುಂದಿನ ಭೇಟಿಯಲ್ಲಿ ಬಿಡದೆ ಕೇಳಿದೆ. ಅವರು ಕಾಗದದ ಮೇಲೆ ಬರೆದು ತೋರಿಸಿದರು.

ಹಲ್ಲು ಗೋಡೆಗೆ ಹೊಡೆದ ಮೊಳೆಯ ಹಾಗೆ ಮೂಳೆಗೆ ಕಚ್ಚಿಕೊಂಡಿಲ್ಲ. ಬೇರಿಗೂ ಮೂಳೆಗೂ ನಡುವೆ ಸುಮಾರು 0.2 ಮಿ.ಮೀ. ದಪ್ಪದ ನಾರಿನ ಪದರವಿದೆ. ಅದರ ತುಂಬ ಜೀವಕೋಶಗಳು. ತಂತಿ ಹಲ್ಲನ್ನು ತಳ್ಳಿದಾಗ ಈ ಪದರ ಒಂದು ಕಡೆ ಅದುಮಿಕೊಳ್ಳುತ್ತದೆ, ಇನ್ನೊಂದು ಕಡೆ ಹಿಗ್ಗುತ್ತದೆ. ಕೋಶಗಳು ಅದನ್ನು ಗುರುತಿಸಿ ಪ್ರೋಸ್ಟಗ್ಲಾಂಡಿನ್, ಇಂಟರ್‌ಲ್ಯೂಕಿನ್-1 ಬೀಟಾದಂಥ ಉರಿಯೂತದ ಸಂಕೇತಗಳನ್ನು ಬಿಡುತ್ತವೆ. ಒಸಡಿನ ಅಂಚಿನಲ್ಲಿ ಜಿನುಗುವ ದ್ರವದಲ್ಲಿ ಈ ಇಂಟರ್‌ಲ್ಯೂಕಿನ್ ತಂತಿ ಹಾಕಿದ ಸುಮಾರು 24 ಗಂಟೆಗೆ ಜಾಸ್ತಿಯಾಗುತ್ತದಂತೆ. ನನ್ನ ಚಪಾತಿ ತಪ್ಪಿದ್ದೂ ಆ ಹೊತ್ತಿಗೇ!

ಅದುಮಿದ ಕಡೆಯ ಕೋಶಗಳು ಆರ್‌ಎಎನ್‌ಕೆಎಲ್ ಎಂಬ ಪ್ರೋಟೀನನ್ನು ಹೆಚ್ಚಿಸುತ್ತವೆ. ಅದರಿಂದ ಮೂಳೆ ಕರಗಿಸುವ ಆಸ್ಟಿಯೋಕ್ಲಾಸ್ಟ್ ಕೋಶಗಳು ಹುಟ್ಟಿ, ಹಲ್ಲಿಗೆ ದಾರಿ ಬಿಡಿಸುತ್ತವೆ. ಹಿಗ್ಗಿದ ಕಡೆ ಹೊಸ ಮೂಳೆ ಕಟ್ಟುತ್ತದೆ. ಐಬುಪ್ರೊಫೆನ್ ತಡೆಯುವುದು ಪ್ರೋಸ್ಟಗ್ಲಾಂಡಿನ್ ತಯಾರಾಗುವುದನ್ನೇ. ತಂತಿಯ ಬಲ ಜಾಸ್ತಿಯಾದರೂ ಕೆಲಸ ಕೆಡುತ್ತದೆ. ಅದುಮಿದ ಕಡೆ ರಕ್ತದ ಓಡಾಟ ನಿಂತು ಕೋಶಗಳು ಸಾಯುತ್ತವೆ, ಹಲ್ಲು ಕೆಲವು ವಾರ ನಿಂತಲ್ಲೇ ನಿಲ್ಲುತ್ತದೆ.

ನನಗೆ ಮುಖ್ಯವಾಗಿದ್ದು ಆಮೇಲೆ ಹೇಳಿದ ಮಾತು. ಒಸಡಿನ ರೋಗದಲ್ಲಿ ಬ್ಯಾಕ್ಟೀರಿಯಾದ ಕಾಟಕ್ಕೆ ಏಳುವುದೂ ಇವೇ ಸಂಕೇತಗಳು. ತಂತಿಯಿಂದ ಏಳುವ ಉರಿಯೂತ ಅಳತೆಯದ್ದು, ಸ್ವಲ್ಪ ದಿನದಲ್ಲಿ ತಣ್ಣಗಾಗುತ್ತದೆ. ರೋಗದ್ದು ಹಾಗಲ್ಲ, ನಿಲ್ಲುವುದೇ ಇಲ್ಲ. ಎರಡೂ ಸೇರಿದರೆ ಆ ಪದರದ ಕೋಶಗಳು ಕರಗಿಸುವ ಸಂಕೇತವನ್ನೇ ಕೂಗುತ್ತಿರುತ್ತವೆ, ಕಟ್ಟುವ ಕೆಲಸ ಹಿಂದೆ ಬೀಳುತ್ತದೆ. ಹಾಗೆ ಕಳೆದ ಮೂಳೆ ತಾನಾಗಿ ವಾಪಸ್ ಬರುವುದಿಲ್ಲ. ಒಸಡು ಶಾಂತವಾಗಿದ್ದರೆ ಮಾತ್ರ, ಮೂಳೆ ಸ್ವಲ್ಪ ಕಡಿಮೆ ಇದ್ದರೂ ಹಲ್ಲನ್ನು ಸರಿಸಬಹುದು. ಮೊದಲ ಕ್ಲಿನಿಕ್‌ನ ಅವಸರ ನೆನೆದು ಸಿಟ್ಟು ಬಂತು. ದೊಡ್ಡವರಿಗೆ ಕ್ಲಿಪ್ ಹಾಕುವ ಮುಂಚೆ ಒಸಡು ನೋಡುವುದು ಅಷ್ಟು ಕಷ್ಟವೇ?

ಈಗ ಹಲ್ಲು ತಿಂಗಳಿಗೆ ಹೆಚ್ಚೂಕಮ್ಮಿ 1 ಮಿ.ಮೀ. ಸರಿಯುತ್ತಿದೆ. ಪ್ರತಿ ಸಲವೂ ಮೊದಲು ಅಳತೆ ಕಡ್ಡಿ, ಆಮೇಲೆ ತಂತಿ. ಕಳೆದ ಸಲ ಒಂದು ದವಡೆ ಹಲ್ಲಿನ ಹತ್ತಿರ ರಕ್ತ ಕಂಡಿತು. ಡಾಕ್ಟರಮ್ಮ ತಂತಿ ಮುಟ್ಟಲೇ ಇಲ್ಲ. ಅಲ್ಲಿ ಕ್ಲೀನ್ ಮಾಡಿ, ಹಲ್ಲಿನ ಸಂದಿಗೆ ಹಾಕುವ ಬ್ರಷ್ಷಿನ ಸೈಜ್ ಬದಲಿಸಿ ಕಳಿಸಿದರು.